ಅರ್ಥಾರ್ಧ ವಿಚಾರ: ಬಿಬವೇವಾಡಿ ಹಸ್ತಪ್ರತಿಯ ಪಾಠಪರಿಷ್ಕರಣೆ

ಬದುಕಿನ ಅರ್ಥವೇನೆಂಬ ಪ್ರಶ್ನೆಗೆ ಉತ್ತರವು ಪುಣೆಯ ಬಿಬವೇವಾಡಿಯಲ್ಲಿ, ಅಪ್ಪರ್ ಇಂದಿರಾನಗರದ ಒಂದು ಅಡುಗೆಮನೆಯ ಮೊಳೆಗೆ ತೂಗುಬಿದ್ದಿರುವುದನ್ನು ಈ ಲೇಖಕನು ಕಂಡುಹಿಡಿದು ವಾರವಾಯಿತು. ವಿದ್ವತ್ ವಲಯ ಇನ್ನೂ ಎಚ್ಚೆತ್ತಿಲ್ಲ.

ಹಸ್ತಪ್ರತಿಯ ವಿವರ: ಕಾಲನಿರ್ಣಯ ಕ್ಯಾಲೆಂಡರಿನ ಒಂದು ಹಾಳೆ. ಎಡಮೂಲೆಯಲ್ಲಿ ಅರಿಸಿನದ ಹೆಬ್ಬೆಟ್ಟು. ಲಿಪಿ ಕನ್ನಡ, ಲೇಖನಿ ದಾರ ಕಟ್ಟಿದ ಬಾಲ್‌ಪೆನ್ನು, ಕರ್ತೃ ವಿಜಾಪುರದ ಕಡೆಯಿಂದ ಮದುವೆಯಾಗಿ ಬಂದ ನನ್ನ ಸೋದರತ್ತೆ. ತುಂಬಿದ ಚೌಕಗಳು 22. ಒಂದೊಂದರಲ್ಲಿ ಒಂದೇ ಪದ: 17ರಲ್ಲಿ ‘ಅರ್ಧ’, 5ರಲ್ಲಿ ‘ಅರ್ಥ’.

ವ್ಯತ್ಯಾಸವೆಂದರೆ ಅಕ್ಷರದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಇಂಥಲ್ಲಿ ಆತುರ ಸಲ್ಲದು. ಇದೇ ಊರಿನ ಭಾಂಡಾರಕರ ಸಂಸ್ಥೆ 1,259 ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು, 1919ರಲ್ಲಿ ಹಿಡಿದ ಮಹಾಭಾರತದ ಪರಿಷ್ಕರಣೆಯನ್ನು 1966ರಲ್ಲಿ ಮುಗಿಸಿತು. ನನಗೆ ಸಿಕ್ಕದ್ದು ಒಂದೇ ಪ್ರತಿ, ಒಂದು ಮಧ್ಯಾಹ್ನ. ಅದೂ ಒಂದರಿಂದ ನಾಲ್ಕು, ಪುಣೆಯ ಅಂಗಡಿಗಳು ಬಾಗಿಲೆಳೆದು ಮಲಗುವ ಹೊತ್ತು. ಸಂಶೋಧನೆ ಬಿಟ್ಟರೆ ಬೇರೆ ಉದ್ಯೋಗವಿಲ್ಲ. ಪರಿಷ್ಕರಣಕಾರರ ಹಳೆಯ ಸೂತ್ರದಂತೆ ಎರಡು ಪಾಠಗಳಲ್ಲಿ ಕಷ್ಟದ್ದೇ ಮೂಲ. ಲಿಪಿಕಾರ ಸುಲಭ ಮಾಡಿಯಾನೇ ಹೊರತು ಕಠಿಣ ಮಾಡಲಾರ. ಆದ್ದರಿಂದ ‘ಅರ್ಥ’ವೇ ಮೂಲಪಾಠ. ‘ಅರ್ಧ’ ಚುಕ್ಕೆ ಉದುರಿದ ಅಪಪಾಠ. ಅತ್ತೆ ದಿನಕ್ಕೊಮ್ಮೆ ಬಾಳಿನ ಅರ್ಥವನ್ನು ಧ್ಯಾನಿಸುತ್ತಿದ್ದಾರೆಂದು ಸಿದ್ಧವಾಯಿತು.

ಪೂರ್ವಸೂರಿಗಳನ್ನು ನೆನೆಯಬೇಕು. ಡಿ.ವಿ.ಜಿ. 1943ರ ಕಗ್ಗದಲ್ಲಿ ಇದೇ ವಸ್ತುವಿಗೆ 945 ಪದ್ಯ ವೆಚ್ಚಮಾಡಿದರು. ಅತ್ತೆಯದು ತಿಂಗಳಿಗೆ 31 ಪದ ಮೀರುವುದಿಲ್ಲ. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲ್ 1946ರಲ್ಲಿ ಮೂರು ದಾರಿ ತೋರಿಸಿದ: ಕೆಲಸ, ಪ್ರೀತಿ, ತಪ್ಪಿಸಲಾಗದ ನೋವನ್ನು ಎದುರಿಸುವ ಬಗೆ. ಕ್ಯಾಲೆಂಡರಿನ ಪ್ರಸ್ತಾಪವಿಲ್ಲ. ಪ್ಲೇಟೋನ ಕೃತಿಯಲ್ಲಿ ಅರಿಸ್ಟೋಫನೀಸ್ ಹೇಳುವಂತೆ ಮನುಷ್ಯರೆಲ್ಲ ಜ್ಯೂಸ್ ದೇವರು ಸೀಳಿಹಾಕಿದ ಅರ್ಧಗಳು. ಅವನು ‘ಅರ್ಧ’ ಪಕ್ಷದವನು. ಬಾದಾಮಿಯ ಮೊದಲ ಗುಹೆಯ ಅರ್ಧನಾರೀಶ್ವರನೂ ಅತ್ತಲೇ ವಾಲುತ್ತಾನೆ.

ಸತ್ತ ಕರ್ತೃಗಳಿಂದ ವಿದ್ವಾಂಸರಿಗೆ ಇರುವ ಅನುಕೂಲ ನನಗಿರಲಿಲ್ಲ. ಪ್ರಬಂಧ ಕೇಳಿ ಅತ್ತೆ ಎದ್ದು ಕೂತರು.

“ಖೋಡಿ, ಅದು ಹಾಲಿನ ಲೆಕ್ಕ! ದಿನಾ ಅರ್ಧಾ ಲೀಟರ್. ಮಂದಿ ಬಂದ್ರ ಪಾವ್ ಲೀಟರ್ ಹೆಚ್ಚಿಗಿ ತಗೋತೀನಿ, ಒಂದು ಚುಕ್ಕಿ ಇಡ್ತೀನಿ.”

ಸಿದ್ಧಾಂತ ತಲೆಕೆಳಗಾಯಿತು. ಈ ಕೃತಿಯನ್ನು ಸರಿಯಾಗಿ ಓದಬಲ್ಲವನು ಕನ್ನಡವೇ ಬಾರದ ಗವಳಿಯೊಬ್ಬನೇ. ಅವನು ಅಕ್ಷರ ಬಿಟ್ಟು ಚುಕ್ಕೆ ಎಣಿಸುತ್ತಾನೆ. ಯಾರೂ ಬಾರದ ದಿನ ಅರ್ಧ, ಯಾರಾದರೂ ಬಂದ ದಿನ ಅರ್ಥ, ಮತ್ತು ಅರ್ಥಕ್ಕೆ ಬಿಲ್ಲು ಹೆಚ್ಚು. (ಕೌಟಿಲ್ಯ ಈ ಪದವನ್ನು ಹಣದ ಕಡೆಗೆ ಎಳೆದದ್ದು ಸುಮ್ಮನಲ್ಲ.)

ಬಗೆಹರಿಯದೆ ಉಳಿದದ್ದು 11ನೇ ತಾರೀಖು. ಅಂದು ಯಾರೂ ಬಂದಿಲ್ಲ, ಚುಕ್ಕೆ ಇದೆ. ಗವಳಿ ದುಡ್ಡು ಕೇಳುತ್ತಿದ್ದಾನೆ. ಅತ್ತೆಯ ಪ್ರಕಾರ ಅದು ಒಗ್ಗರಣೆಯಿಂದ ಸಿಡಿದ ಸಾಸಿವೆ, ಅಂದರೆ ಪ್ರಕ್ಷಿಪ್ತ. ಉಗುರಿನಿಂದ ಕೆರೆದು ಪರೀಕ್ಷಿಸಲು ಹೋದೆ, ಬಿಡಲಿಲ್ಲ.

“ಮುಟ್ಟಬ್ಯಾಡ. ಅವಾ ಬರ್ಲಿ, ಅವನ ಕಣ್ಮುಂದನ ಕೆರೀತೀನಿ.”

ಹಾಗೆನ್ನುತ್ತಲೇ ದಾರ ಎಳೆದು ಪೆನ್ನು ಹಿಡಿದು, ಆವತ್ತಿನ ಚೌಕದೊಳಗೆ ಒತ್ತಿ ಒಂದು ಚುಕ್ಕಿ ಇಟ್ಟರು.

“ಎರಡ ಸಲ ಚಹಾ ಕುಡದಿ ನೀ.”