ಚಕ್ಕೆರಾಯರು

ಮುಂಬಯಿ ಲೋಕಲಿನಲ್ಲಿ ಮಾಟುಂಗದಿಂದ ಡೊಂಬಿವಲಿಯವರೆಗೆ ಎಲ್ಲಿ ಇಳಿದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಐವತ್ತರ ಆಸುಪಾಸು, ಬ್ಯಾಂಕಿನಲ್ಲೋ ಕಂಪನಿಯಲ್ಲೋ ನೌಕರಿ, ಉಗುರಿನ ಸಂದಿಯಲ್ಲಿ ಸದಾ ಕಂದು ಬಣ್ಣ. ರಸ್ತೆ ಬದಿಯ ಹಳೇ ಟೆಂಪೋ ಬಾಗಿಲಿಗೆ ಮೂಗು ತಾಗಿಸಿಕೊಂಡು ನಿಂತವರನ್ನು ಕಂಡರೆ ಅವರೇ ಎಂದು ತಿಳಿಯಿರಿ. ಡ್ರೈವರ್ ಗಾಬರಿಯಿಂದ “ಕ್ಯಾ ಹುವಾ ಸಾಬ್?” ಅಂದರೆ, “ಕುಛ್ ನಹೀ, ಜಂಗ್ ಬಹುತ್ ಅಚ್ಛಾ ಹೈ” ಎಂದು ಮೆಚ್ಚಿ, ಫೋಟೋ ಹೊಡೆದುಕೊಂಡು ಹೊರಡುತ್ತಾರೆ. ಬಿಲ್ಡಿಂಗಿನ ಕನ್ನಡಿಗರು ಅವರಿಗಿಟ್ಟ ಹೆಸರು ಚಕ್ಕೆರಾಯರು.

ಪುಟಾಣಿ ವಾಹನಗಳ ಮಾದರಿ ಜೋಡಿಸುವುದು ರಾಯರ ಹವ್ಯಾಸ. ಜೋಡಿಸಿದ್ದು ಹೊಸದಾಗಿ ಹೊಳೆದರೆ ಅವರಿಗೆ ನಿದ್ದೆ ಬಾರದು. ಬಣ್ಣ ಕಿತ್ತು, ತುಕ್ಕು ತೋರಿ, ಗುಜರಿಗೆ ಹಾಕುವ ಹದಕ್ಕೆ ಬಂದ ಮೇಲೆಯೇ ಅದಕ್ಕೆ ಶೋಕೇಸಿನಲ್ಲಿ ಜಾಗ. ಹೆಣ್ಣು ನೋಡಲು ಬಂದವರು ಆ ಶೋಕೇಸ್ ನೋಡಿ, “ಕುರ್ಲಾದಲ್ಲಿ ಭಂಗಾರ್ ವ್ಯಾಪಾರವೇ?” ಎಂದು ಕೇಳಿದ್ದೂ ಉಂಟು.

ಈ ಕೆಲಸಕ್ಕೆ ಹೇರ್‌ಸ್ಪ್ರೇ ಬೇಕು. ಅಂಗಡಿ ಹುಡುಗ ರಾಯರ ನುಣ್ಣನೆಯ ತಲೆಯನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿ “ಮೇಡಮ್‌ಗಾ?” ಎಂದ. “ಅಲ್ಲ, ಟ್ಯಾಕ್ಸಿಗೆ.” ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ಹೇರ್‌ಸ್ಪ್ರೇ, ಅದೂ ಒಣಗಿದ ಮೇಲೆ ಅಕ್ರಿಲಿಕ್ ಕಪ್ಪು. ಆಮೇಲೆ ನೀರು ಸವರಿ ಗಡಸು ಬ್ರಷ್ಷಿನಿಂದ ಉಜ್ಜಿದರೆ ಒಳಗಿನ ಸ್ಪ್ರೇ ಕರಗಿ, ಮೇಲಿನ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸ್ಪ್ರೇ ಮುಗಿದ ದಿನ ಕಲ್ಲುಪ್ಪು. ಒದ್ದೆ ಮೈಮೇಲೆ ಹರಳು ಉದುರಿಸಿ, ಒಣಗಿಸಿ, ಬಣ್ಣ ಹೊಡೆದು, ಉಪ್ಪು ಉಜ್ಜಿ ತೆಗೆದರಾಯಿತು. ಅಂದು ಸಾರು ಸಪ್ಪೆ. ಚೂರುಪಾರು ಗೀರುಗಳಿಗೆ ಪಾತ್ರೆ ತಿಕ್ಕುವ ಸ್ಪಂಜಿನ ತುಣುಕು ಸಾಕು. ಮೊದಲು ಮೈಬಣ್ಣಕ್ಕಿಂತ ತುಸು ತಿಳಿಯ ಚುಕ್ಕೆ, ಅದರ ನಡುವೆ ಕಡು ಕಂದು.

“ಬಣ್ಣ ಸುಮ್ಮನೆ ಏಳೋದಿಲ್ಲ ಸ್ವಾಮಿ, ಕೈ ತಾಗಬೇಕು, ಕಾಲು ತಾಗಬೇಕು” ಎಂಬುದು ಅವರ ಸಿದ್ಧಾಂತ. ಡಬಲ್ ಡೆಕರ್ ಆದರೆ ಹತ್ತುವ ಮೆಟ್ಟಿಲು, ಹಿಡಿಯುವ ಕಂಬಿ, ಮರದ ಕೊಂಬೆ ಉಜ್ಜುವ ಮೇಲಿನ ಮೂಲೆ. ಟ್ಯಾಕ್ಸಿಯಾದರೆ ಬಾಗಿಲ ಹಿಡಿಕೆಯ ಸುತ್ತ, ಕ್ಯಾರಿಯರ್ ಕಾಲೂರುವ ಕಡೆ, ಮಳೆನೀರು ನಿಲ್ಲುವ ಬಾಗಿಲಡಿ. ಹೊಸ ಹುಡುಗನೊಬ್ಬ ಮೈತುಂಬ ಚುಕ್ಕೆ ಇಟ್ಟು ತಂದ ಟ್ಯಾಂಕನ್ನು ನೋಡಿ ರಾಯರು, “ಇದು ತುಕ್ಕಲ್ಲಪ್ಪ, ಸಿಡುಬು” ಎಂದುಬಿಟ್ಟರು. ಮಾದರಿ 1/72 ಅಳತೆಯದು. “ನಿನ್ನ ಒಂದು ಮಿಲಿಮೀಟರ್ ಚುಕ್ಕೆ ಅಸಲಿ ಟ್ಯಾಂಕಿನಲ್ಲಿ ಏಳು ಸೆಂಟಿಮೀಟರಿಗೂ ಮಿಕ್ಕುತ್ತೆ. ಆನೆ ಬಂದು ಗುದ್ದಿತ್ತೇನು?”

2023 ರಾಯರಿಗೆ ಸೂತಕದ ವರ್ಷ. ಸೆಪ್ಟೆಂಬರ್ 15ರಂದು ಮುಂಬಯಿಯ ಬಸ್ ಸಂಸ್ಥೆ ಬೆಸ್ಟ್‌ನ ಕೊನೆಯ ಡೀಸೆಲ್ ಡಬಲ್ ಡೆಕರ್ ಹೂಮಾಲೆ ಹಾಕಿಸಿಕೊಂಡು ಹೊರಟುಹೋಯಿತು. ಅಕ್ಟೋಬರ್ ಕೊನೆಗೆ ಪ್ರೀಮಿಯರ್ ಪದ್ಮಿನಿಯ ಸರದಿ. ಮುಂಬಯಿಯಲ್ಲಿ ಟ್ಯಾಕ್ಸಿಯ ಆಯುಸ್ಸು 20 ವರ್ಷ, ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರಲ್ಲಿ. ಈಗಿನ ಎಲೆಕ್ಟ್ರಿಕ್ ಡಬಲ್ ಡೆಕರ್‌ನ ಏಸಿಯಲ್ಲಿ ಕೂತು ರಾಯರು ಗೊಣಗುತ್ತಾರೆ: “ಎಲ್ಲಾ ಸರಿ, ನೋಡೋಕೆ ಒಂದು ಚಕ್ಕೆನಾದರೂ ಬೇಡವೆ?”

ಮನೆಯ ಕಥೆ ಬೇರೆ. ಮಳೆಗಾಲದ ಸೀಪೇಜಿಗೆ ಹಾಲಿನ ಗೋಡೆ ಸಿಪ್ಪೆ ಬಿಡುತ್ತದೆ. ಹೆಂಡತಿ ಪೇಂಟರನ್ನು ಕರೆಸಿದರೆ, “ಇಂಥದ್ದು ದುಡ್ಡು ಕೊಟ್ಟರೂ ಸಿಗಲ್ಲ” ಎಂದು ವಾಪಸ್ ಕಳಿಸಿದರು. ಆಕೆ ರೋಸಿಹೋಗಿ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ರಾಯರು ದಿನಾ ಬೆಳಿಗ್ಗೆ ಅದನ್ನೆತ್ತಿ ನೋಡುವುದು ತಿಥಿಗಾಗಿ ಅಲ್ಲ.

ಹೋದ ವರ್ಷ ಹೊಸ ಕಾರು ಕೊಂಡರು. ವಾರದೊಳಗೆ ಕಾಂಪೌಂಡಿನಲ್ಲಿ ಯಾರೋ ಗೀರಿದರು. ರಾಯರು ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಪಕ್ಕದ ಮನೆಯವರು, “ಪಾಲಿಶ್ ಮಾಡಿಸಿದರೆ ಹೋಗುತ್ತೆ ಬಿಡಿ” ಎಂದು ಸಮಾಧಾನ ಹೇಳಿದರು. “ಗೀರು ಬಿದ್ದದ್ದಕ್ಕಲ್ಲ ಮಾರಾಯರೇ, ಬೀಳಬಾರದ ಜಾಗದಲ್ಲಿ ಬಿದ್ದಿದೆ. ಯಾರು ನಂಬುತ್ತಾರೆ ಇದನ್ನ?”

ಆದ್ದರಿಂದ, ಅಪರಿಚಿತರೊಬ್ಬರು ನಿಮ್ಮ ಸ್ಕೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರೆ ವಾಚ್‌ಮನ್‌ನನ್ನು ಕೂಗಬೇಡಿ, ಅವರು ಕಳ್ಳರಲ್ಲ. ಕರೆದು ಒಂದು ಲೋಟ ಕಾಫಿ ಕೊಡಿ. ಸ್ಕೂಟರಿಗೆ ಹೊಸದಾಗಿ ಪೇಂಟ್ ಹೊಡೆಸುವ ಮಾತನ್ನು ಮಾತ್ರ ಅವರೆದುರು ಅಪ್ಪಿತಪ್ಪಿಯೂ ಎತ್ತಬೇಡಿ.