ನಡುವಯಸ್ಸಿನ ಕಾಲನಿರ್ಣಯ: ಕುಂಸಿಯ ಅಡಿಕೆ ಅಂಗಳದಲ್ಲಿ ದೊರೆತ ಹೊಸ ಆಧಾರಗಳು

1. ಪೀಠಿಕೆ

ಮನುಷ್ಯನಿಗೆ ನಡುವಯಸ್ಸು ಯಾವಾಗ ಶುರುವಾಗುತ್ತದೆ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕನ್ನಡಕದ ಅಂಗಡಿಯವರು ನಲವತ್ತು ಎನ್ನುತ್ತಾರೆ. ವಿಮೆ ಏಜೆಂಟರು ಮೂವತ್ತೈದಕ್ಕೇ ಒಪ್ಪಿಸಿಬಿಡುತ್ತಾರೆ. ಕ್ಷೌರದಂಗಡಿ ಪಂಥವು “ಡೈ ಹಾಕ್ಲಾ ಸಾರ್?” ಎಂಬ ಪ್ರಶ್ನೆ ಮೊದಲ ಸಲ ಕಿವಿಗೆ ಬಿದ್ದ ದಿನವನ್ನೇ ಆರಂಭವೆಂದು ಹಿಡಿಯುತ್ತದೆ. ಬಸ್ಸಿನಲ್ಲಿ ಕಾಲೇಜು ಹುಡುಗರು “ಅಂಕಲ್” ಎಂದ ದಿನವನ್ನು ಎತ್ತಿಹಿಡಿಯುವವರೂ ಇದ್ದಾರೆ. ಆದರೆ ಶಿವಮೊಗ್ಗ–ಸಾಗರ ರಸ್ತೆಯ ಬಸ್ಸುಗಳಲ್ಲಿ ಮದುವೆಯಾಗದ ಕಂಡಕ್ಟರುಗಳೂ ಈ ಬಿರುದಿಗೆ ಪಾತ್ರರಾಗಿರುವುದರಿಂದ ಅದು ಪ್ರಬಲ ಆಧಾರವಾಗದು.

ಶಾಸನಗಳಲ್ಲೂ ಉತ್ತರ ಸಿಗದು. ಶಾಸನತಜ್ಞ ಬಿ.ಎಲ್. ರೈಸ್ ಅವರು ಕುಂಸಿ ಸೇರಿದ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಾಗಿ 1902 ಮತ್ತು 1904ರಲ್ಲಿ ಹೊರತಂದರು. ತುರು ಬಿಡಿಸಲು ಹೋಗಿ ಮಡಿದವರು, ಕೆರೆ ಕಟ್ಟಿಸಿದವರು, ಗದ್ದೆ ದಾನ ಕೊಟ್ಟವರು ಎಲ್ಲರಿಗೂ ಅಲ್ಲಿ ಜಾಗವಿದೆ. ಮಗಳ ಜೊತೆ ಶಟಲ್ ಆಡಲು ಹೋಗಿ ಮಂಡಿ ಹಿಡಿದುಕೊಂಡು ಕೂತವನಿಗೆ ಮಾತ್ರ ಒಂದು ಸಾಲೂ ದಕ್ಕಿಲ್ಲ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಪೂರ್ವಸೂರಿಗಳು

ಜಿಲ್ಲೆಯ ನಡುವಯಸ್ಕರು ಮೊದಲು ಉದ್ಧರಿಸುವುದು 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಅವರನ್ನು. 1969ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಕಾನ್ಪುರದಲ್ಲಿ ಆಡಿದ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಅವರದು ಸೊನ್ನೆ, ಎರಡನೆಯದರಲ್ಲಿ 137. “ನೋಡಿ, ಸೆಕೆಂಡ್ ಇನಿಂಗ್ಸ್ ಮುಖ್ಯ” ಎಂಬ ಸಿದ್ಧಾಂತಕ್ಕೆ ಇದೇ ಮೂಲ. ಆಗ ವಿಶ್ವನಾಥ್‌ಗೆ ಇಪ್ಪತ್ತು ವರ್ಷ, ಎರಡು ಇನಿಂಗ್ಸುಗಳ ನಡುವೆ ಇದ್ದದ್ದು ಕೆಲವೇ ದಿನ, ಆ ಅವಧಿಯಲ್ಲಿ ಅವರು ಮನೆ ಕಟ್ಟಿಸಿ ಸಾಲ ತೀರಿಸಿರಲಿಲ್ಲ ಎಂಬ ವಿವರಗಳನ್ನು ಈ ಪಂಥ ಮರೆಮಾಚುತ್ತದೆ.

ಎರಡನೆಯದು ಪಡುಕೋಣೆ ಪರಂಪರೆ. ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಗೆ ಬಹುಕಾಲ ಕಾರ್ಯದರ್ಶಿಯಾಗಿದ್ದ ರಮೇಶ್ ಪಡುಕೋಣೆ ಅವರು ಮಗ ಪ್ರಕಾಶ್‌ಗೆ ಬ್ಯಾಟು ಹಿಡಿಸಿದರು. ಹುಡುಗನ ಅಭ್ಯಾಸ ನಡೆದದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಆ ಮಗನೇ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಅವರ ಮಗಳು ದೀಪಿಕಾ ಸಹ ಮೊದಲು ಬ್ಯಾಡ್ಮಿಂಟನ್ ಆಡಿ, ಆಮೇಲೆ ಸಿನಿಮಾಕ್ಕೆ ಹೋದರು. ಈ ವೃತ್ತಾಂತದಿಂದ ಕುಂಸಿಯ ಅಪ್ಪಂದಿರು ಎರಡು ತೀರ್ಮಾನಕ್ಕೆ ಬರುತ್ತಾರೆ: ಒಂದು, ಒಳ್ಳೆಯ ಕೋರ್ಟ್ ಬೇಕೇಬೇಕೆಂದಿಲ್ಲ, ಎರಡು, ಆಟದಲ್ಲಿ ಆಗದಿದ್ದರೆ ಸಿನಿಮಾ ಇದೆ.

ಮೂರನೆಯ ಆಧಾರ ಈಚಿನದು. 2025ರ ಫೆಬ್ರುವರಿಯಲ್ಲಿ ರಾಹುಲ್ ದ್ರಾವಿಡ್ ತಮ್ಮ 52ನೇ ವಯಸ್ಸಿನಲ್ಲಿ, ಮಗ ಅನ್ವಯ್ ಜೊತೆ, ಮಾಲೂರಿನ ವಿಜಯ ಕ್ರಿಕೆಟ್ ಕ್ಲಬ್ ಪರವಾಗಿ ಲೀಗ್ ಪಂದ್ಯಕ್ಕಿಳಿದರು. ಮಗ 58 ಹೊಡೆದ, ಅಪ್ಪ 10. ಮುಂದೆ ಬೆಂಗಳೂರಿನಲ್ಲಿ ಆಡುವಾಗಲೇ ಕಾಲಿಗೆ ಪೆಟ್ಟಾಗಿ, ಮಾರ್ಚಿನಲ್ಲಿ ಅವರು ರಾಜಸ್ಥಾನ್ ರಾಯಲ್ಸ್ ಶಿಬಿರಕ್ಕೆ ಬಂದದ್ದು ಊರುಗೋಲು ಹಿಡಿದು. ಜಗತ್ತಿನ ವೇಗದ ಬೌಲರುಗಳಿಂದ ಅಲುಗಾಡದೆ ‘ಗೋಡೆ’ ಎನಿಸಿಕೊಂಡವರ ಗತಿ ಇದಾದರೆ, ಕುಂಸಿಯ ಕಾಂಪೌಂಡುಗಳ ಗತಿಯೇನು ಎಂಬುದು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆ.

3. ಕ್ಷೇತ್ರಪರಿಚಯ

ನಿಯಮದಂತೆ ಶಟಲ್ ಕೋರ್ಟಿನ ಉದ್ದ 13.4 ಮೀಟರ್, ಅಗಲ 6.1 ಮೀಟರ್. ಬಲೆಯ ಎತ್ತರ ಕಂಬದ ಬಳಿ 1.55 ಮೀಟರ್. ಪ್ರಸ್ತುತ ಕ್ಷೇತ್ರದಲ್ಲಿ ಉದ್ದವನ್ನು ನಿರ್ಧರಿಸುವುದು ಒಂದು ಕಡೆ ಅಡಿಕೆ ಬೇಯಿಸುವ ಒಲೆ, ಇನ್ನೊಂದು ಕಡೆ ಕರು ಕಟ್ಟಿದ ಗೂಟ. ಬಲೆಯೆಂದರೆ ತೋಟಕ್ಕೆ ತಂದು ಉಳಿದ ಹಸಿರು ನೆರಳುಬಲೆ. ಅದರ ಎತ್ತರ ಅಂದಂದಿನ ಬಟ್ಟೆ ಒಣಹಾಕುವ ಹಗ್ಗದ ಬಿಗುವಿನ ಮೇಲೆ ಅವಲಂಬಿತ. ಕಾಕ್ ಕರುವಿನ ಬೆನ್ನಿಗೆ ತಾಗಿದರೆ ಲೆಟ್, ಬಾನಿಯೊಳಗೆ ಬಿದ್ದರೆ ಔಟ್. ನಿಯಮದ ಕಾಕ್‌ಗೆ ಹದಿನಾರು ಗರಿ, ತೂಕ 4.74ರಿಂದ 5.50 ಗ್ರಾಂ. ಇಲ್ಲಿನ ಗಾಳಿಗೆ ಅದು ನಿಲ್ಲದ ಕಾರಣ ಪ್ಲಾಸ್ಟಿಕ್ ಕಾಕ್ ರೂಢಿಯಲ್ಲಿದೆ.

ಋತುಮಾನವನ್ನೂ ಗಮನಿಸಬೇಕು. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ. ಕೊನೆಕೊಯ್ಲು ಶುರುವಾದರೆ ಅಂಗಳದ ತುಂಬ ಅಡಿಕೆ. ಬೇಯಿಸಿ ಹರವಿದ ಅಡಿಕೆಯ ಮೇಲೆ ಕಾಲಿಟ್ಟವರಿಗೆ ಈ ಮನೆಯಲ್ಲಿ ಮೇಲ್ಮನವಿಯ ಅವಕಾಶವಿಲ್ಲ. ಕೊಯ್ಲು ಮುಗಿದು ನೆಲ ಕಾಣುವ ಹೊತ್ತಿಗೆ ಮಗಳಿಗೆ ಪರೀಕ್ಷೆ. ಹೀಗಾಗಿ ಪಡುಕೋಣೆಯವರಿಗೆ ಮದುವೆ ಮುಹೂರ್ತಗಳು ಬಿಟ್ಟುಕೊಟ್ಟಷ್ಟು ದಿನಗಳನ್ನೂ ಕುಂಸಿಗೆ ಅಡಿಕೆ ಬಿಟ್ಟುಕೊಡುವುದಿಲ್ಲ. ಬೇಸಿಗೆ ರಜೆಯ ಸಂಜೆಗಳಷ್ಟೇ ಸಂಶೋಧನೆಗೆ ಲಭ್ಯ.

4. ಮೂರು ಯುಗಗಳು

ಅಪ್ಪ-ಮಗಳ ಆಟದ ಇತಿಹಾಸವನ್ನು ಮೂರು ಯುಗಗಳಾಗಿ ವಿಂಗಡಿಸಬಹುದು.

ಮೊದಲನೆಯದು ಪಿತೃಕೃಪಾಯುಗ. ಇಲ್ಲಿ ಅಪ್ಪ ಬೇಕೆಂದೇ ಸೋಲುತ್ತಾನೆ. ಸುಲಭದ ಕಾಕನ್ನು ಬಲೆಗೆ ಹೊಡೆಯುವುದು, “ಅಯ್ಯೋ, ಎಂಥಾ ಹೊಡ್ತ ಮಾರಾಯ್ತಿ!” ಎಂದು ಒಲೆಯ ಬಳಿ ಇದ್ದವರಿಗೂ ಕೇಳುವಂತೆ ಕೂಗುವುದು ಇದರ ಲಕ್ಷಣಗಳು. ಮಗಳ ವಯಸ್ಸು ಎಂಟರಿಂದ ಹನ್ನೊಂದು.

ಎರಡನೆಯದು ಸಮರಯುಗ. ಯಾರೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಈ ಯುಗದ ಸಾಹಿತ್ಯವೆಲ್ಲ ಸಂಭಾಷಣಾ ರೂಪದ್ದು:

“ಗೆರೆ ಮೇಲೆ ಬಿದ್ದಿದೆ ಕಣೇ.”

“ಅಪ್ಪಾ, ಗೆರೆ ಎಲ್ಲಿದೆ? ನಿನ್ನೆನೇ ಅಜ್ಜಿ ಗುಡಿಸಿ ಹಾಕಿದಾರೆ.”

“ಇತ್ತಲ್ಲ ಅಲ್ಲಿ!”

ಮಾನವ ಸಂಬಂಧಗಳಲ್ಲಿ ಇಷ್ಟು ಪ್ರಾಮಾಣಿಕವಾದ ಕಾಲ ಇನ್ನೊಂದಿಲ್ಲ. ದುರದೃಷ್ಟವಶಾತ್ ಇದರ ಆಯಸ್ಸು ಬಹಳ ಕಡಿಮೆ. ಒಂದು ಬೇಸಿಗೆ, ಹೆಚ್ಚೆಂದರೆ ಎರಡು.

ಮೂರನೆಯದು ಪುತ್ರೀಕೃಪಾಯುಗ. ಇದನ್ನು ಗುರುತಿಸುವುದು ಕಷ್ಟ, ಏಕೆಂದರೆ ಮೊದಲ ಯುಗದ ಅಪ್ಪನಿಗಿಂತ ಈ ಯುಗದ ಮಗಳು ಒಳ್ಳೆಯ ನಟಿ. ಅವಳು ಕೂಗುವುದಿಲ್ಲ, ಹೊಗಳುವುದಿಲ್ಲ, ಬಲೆಗೆ ಹೊಡೆಯುವುದಿಲ್ಲ. ಕಾಕ್ ಸುಮ್ಮನೆ ಅಪ್ಪನ ಬಲಗೈ ಕಡೆಗೇ ಬರತೊಡಗುತ್ತದೆ. ಹಿಂದಿನ ಮೂಲೆಗೆ ಬೀಳುವುದು ನಿಂತುಹೋಗುತ್ತದೆ. ಅಪ್ಪ ಇದನ್ನು ತನ್ನ ಆಟ ಸುಧಾರಿಸಿದೆ ಎಂದು ಅರ್ಥೈಸುತ್ತಾನೆ.

ಪ್ರಸ್ತುತ ಸಂಶೋಧಕನಿಗೆ ದೊರೆತ ನಿರ್ಣಾಯಕ ಆಧಾರ ಒಂದು ತಾಮ್ರದ ಚೊಂಬು. ಮಗಳು ಹೇಳಿಸಿಕೊಳ್ಳದೆ ನೀರು ಕುಡಿಯುವವಳಲ್ಲ. ಶಾಲೆಗೆ ತುಂಬಿ ಕಳಿಸಿದ ಬಾಟಲಿ ತುಂಬಿಯೇ ವಾಪಸಾಗುತ್ತದೆ ಎಂಬುದು ಅವಳ ಅಮ್ಮನ ನಿತ್ಯದ ದೂರು. ಅಂಥವಳು ಹದಿಮೂರನೇ ವಯಸ್ಸಿನ ಒಂದು ಸಂಜೆ, ಆಟ 14–14ರಲ್ಲಿರುವಾಗ, ಅಪ್ಪ ಸೊಂಟದ ಮೇಲೆ ಕೈಯಿಟ್ಟು ತೋಟದ ಕಡೆ ಏನನ್ನೋ ಆಸಕ್ತಿಯಿಂದ ನೋಡುವವನಂತೆ ಏದುಸಿರು ಬಿಡುತ್ತಿರುವಾಗ, “ಅಪ್ಪಾ, ಬಾಯಾರಿಕೆ, ನೀರು ಕುಡ್ದು ಬರ್ತೀನಿ” ಎಂದಳು. ಚೊಂಬಿನೊಡನೆ ಬಂದಳು. ತಾನು ಒಂದು ಗುಟುಕು ಕುಡಿದು ಉಳಿದದ್ದನ್ನು ಜಗಲಿಯ ಮೇಲೆ, ಅಪ್ಪನ ಕಡೆಗೆ, ಇಟ್ಟಳು. ನಂತರ ಇದೇ ಬಾಯಾರಿಕೆ 14ರ ಆಸುಪಾಸಿನಲ್ಲೇ, ತಪ್ಪದೆ ಮರುಕಳಿಸಿತು.

ಆದ್ದರಿಂದ ಸಿದ್ಧಾಂತ: ತನಗಿಲ್ಲದ ಬಾಯಾರಿಕೆಯನ್ನು ಮಗು ಅಪ್ಪನಿಗಾಗಿ ಸೃಷ್ಟಿಸಿಕೊಂಡ ದಿನವೇ ಆ ಅಪ್ಪನ ನಡುವಯಸ್ಸಿನ ಮೊದಲ ದಿನ. ಕನ್ನಡಕ, ಡೈ, ಅಂಕಲ್ ಎಲ್ಲವೂ ಪ್ರಕ್ಷಿಪ್ತ.

5. ಪೂರ್ವಪಕ್ಷ ಮತ್ತು ಖಂಡನೆ

ಆಕ್ಷೇಪ ಒಂದು: ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ?

ಖಂಡನೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಡೈರಿಗೆ ಬೈಕಿನಲ್ಲಿ ಹೋಗಿ ಹಾಲು ಹಾಕಿ ಬರುವುದು ಇದರಲ್ಲಿ ಸೇರುವುದಿಲ್ಲ. ಇನ್ನು 2018ರಲ್ಲಿ ಪ್ರಕಟವಾದ ಕೋಪನ್‌ಹೇಗನ್ ಅಧ್ಯಯನ 8,577 ಜನರನ್ನು ಸುಮಾರು 25 ವರ್ಷ ಗಮನಿಸಿತು. ಕೂತೇ ಇರುವವರಿಗಿಂತ ಓಡುವವರು 3.2 ವರ್ಷ, ಬ್ಯಾಡ್ಮಿಂಟನ್ ಆಡುವವರು 6.2 ವರ್ಷ, ಟೆನಿಸ್ ಆಡುವವರು 9.7 ವರ್ಷ ಹೆಚ್ಚು ಬಾಳಿದ್ದು ಕಂಡುಬಂತು. ಆಟವೇ ಇದಕ್ಕೆ ಕಾರಣವೆಂದು ಆ ಅಧ್ಯಯನದಿಂದ ಸಾಬೀತಾಗದು. ಆದರೂ ಇನ್ನೊಬ್ಬರ ಜೊತೆ ಸೇರಿ ಆಡುವ ಆಟಗಳೇ ಮುಂದಿವೆ ಎಂಬುದನ್ನು ಸಂಶೋಧಕರು ಎತ್ತಿ ತೋರಿಸಿದ್ದಾರೆ. ಟೆನಿಸ್‌ಗೆ ನಮ್ಮ ಅಂಗಳ ಸಾಲದಿರುವುದರಿಂದ 3.5 ವರ್ಷವನ್ನು ಅಡಿಕೆಯ ಖಾತೆಗೆ ನಷ್ಟವೆಂದು ಬರೆಯತಕ್ಕದ್ದು.

ಆಕ್ಷೇಪ ಎರಡು, ಅಡುಗೆಮನೆಯಿಂದ ಬಂದದ್ದು: “ರೀ, ಆಡೋದಕ್ಕೆ ಮೈ ಬಗ್ಗುತ್ತೆ, ಅಡಿಕೆ ಹರವೋದಕ್ಕೆ ಬಗ್ಗಲ್ವಾ?”

ಖಂಡನೆ ಲಭ್ಯವಿಲ್ಲ.

ಆಕ್ಷೇಪ ಮೂರು: ಪೆಟ್ಟಾದರೆ?

ಖಂಡನೆ: ಇದು ಸಲ್ಲುವ ಆಕ್ಷೇಪ. ನಡುವಯಸ್ಸಿನಲ್ಲಿ ಅಪರೂಪಕ್ಕೆ ಶಟಲ್ ಆಡುವವರ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿಯುವುದು ವೈದ್ಯರಿಗೆ ಹೊಸದಲ್ಲ. ಮುಂದಕ್ಕೆ ನುಗ್ಗಿ, ತಟ್ಟನೆ ನಿಂತು, ಹಿಂದಕ್ಕೆ ಹಾರುವ ಗಳಿಗೆಯಲ್ಲಿ ಇಡೀ ಭಾರ ಅಲ್ಲಿ ಬೀಳುತ್ತದೆ. ಹತ್ತು ನಿಮಿಷ ಮೈ ಬೆಚ್ಚಗಾಗಿಸಿಕೊಂಡು, ಹವಾಯಿ ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಇಳಿಯುವುದೇ ಪರಿಹಾರ. ಹಾಗೆ ಮಾಡದವರ ಸ್ಮಾರಕ ನಮ್ಮ ಕಡೆಯ ವೀರಗಲ್ಲಿನ ಮಾದರಿಯಲ್ಲೇ ಇರುತ್ತದೆ. ಕೆಳಪಟ್ಟಿಕೆಯಲ್ಲಿ ವೀರನು ಸ್ಮ್ಯಾಷಿಗೆ ಹಾರುತ್ತಿದ್ದಾನೆ. ನಡುಪಟ್ಟಿಕೆಯಲ್ಲಿ ಅಪ್ಸರೆಯರ ಬದಲು ಹೆಂಡತಿ ಮತ್ತು ಮಗಳು ಆಚೀಚೆ ಹಿಡಿದು ಒಯ್ಯುತ್ತಿದ್ದಾರೆ. ಮೇಲ್ಪಟ್ಟಿಕೆಯಲ್ಲಿ ಅವನು ಮಂಚವೇರಿ, ಕಾಲಿಗೆ ದಿಂಬು ಕೊಟ್ಟು, ನೋಡಲು ಬಂದ ನೆಂಟರಿಗೆ ದರ್ಶನ ನೀಡುತ್ತಿದ್ದಾನೆ.

6. ಮೌಖಿಕ ಪರೀಕ್ಷೆ

ಸಂಪ್ರದಾಯದಂತೆ ಈ ಪ್ರಬಂಧವನ್ನು ವಿಷಯತಜ್ಞೆಯ ಮುಂದೆ ಅಂಗಳದಲ್ಲೇ ಮಂಡಿಸಲಾಯಿತು. ಅವರು ಬ್ಯಾಟಿನ ತಂತಿಯನ್ನು ಬೆರಳಿನಿಂದ ಸರಿಪಡಿಸುತ್ತ ಪೂರ್ತಿ ಕೇಳಿದರು. ನೀರಿನ ಸಿದ್ಧಾಂತದ ಬಗ್ಗೆ ಅವರು ಎತ್ತಿದ್ದು ಒಂದೇ ಆಕ್ಷೇಪ: “ನಂಗೆ ನಿಜವಾಗ್ಲೂ ಬಾಯಾರಿಕೆ ಆಗಿತ್ತು ಅಪ್ಪಾ, ನೀನು ಏನೇನೋ ಬರೀಬೇಡ.” ಮುಂದುವರಿದು, ಸಂಶೋಧಕರ ಕಾಲುಗಳು ನೆಟ್ಟಗೆ ನಿಂತಿರುತ್ತವೆ, ಮಂಡಿ ಬಗ್ಗುತ್ತಿಲ್ಲ, ಎಡಭಾಗಕ್ಕೆ ಬಂದದ್ದೆಲ್ಲ ಬಿಟ್ಟುಹೋಗುತ್ತಿದೆ, ಇದೇ ನಿಜವಾದ ನ್ಯೂನತೆ ಎಂದು ಅಭಿಪ್ರಾಯಪಟ್ಟರು.

ಪ್ರಬಂಧವನ್ನು ಪರಿಷ್ಕರಣೆಗಾಗಿ ಹಿಂದಿರುಗಿಸಲಾಗಿದೆ. ಪರಿಷ್ಕರಣೆ ದಿನವೂ ಸಂಜೆ ಐದೂವರೆಗೆ, ಶೂ ಕಡ್ಡಾಯ. ಮೊದಲ ದಿನ ಬಂದ ಕಾಕುಗಳೆಲ್ಲ ಎಡಮೂಲೆಗೇ ಬಂದಿದ್ದು, ಸಂಶೋಧಕನು 21–6ರಿಂದ ಸೋತಿದ್ದಾನೆ. ನಡುವೆ ಯಾರಿಗೂ ಬಾಯಾರಿಕೆಯಾಗಲಿಲ್ಲ. ಸಿದ್ಧಾಂತದ ಪ್ರಕಾರ ಇದು ಸಮರಯುಗಕ್ಕೆ ಮರಳಿದ ಲಕ್ಷಣವಾಗಿರುವುದರಿಂದ, ತನ್ನ ವಯಸ್ಸು ಇಳಿಯುತ್ತಿದೆ ಎಂದು ಸಂಶೋಧಕನು ಮನೆಯವರಿಗೆಲ್ಲ ತಿಳಿಸಿದ್ದಾನೆ.