ಮೆಡಿಟರೇನಿಯನ್ ಮೇಲೆ ಎರಡನೇ ಪಂಕ್ತಿ

ಪಾಸ್‌ಪೋರ್ಟು, ಶೆಂಗೆನ್ ವೀಸಾ, ಬ್ಯಾಂಕ್ ಸ್ಟೇಟ್‌ಮೆಂಟು, ವಿಮೆ ಇಷ್ಟನ್ನೂ ದಾಟಿ, ಬಾರ್ಸಿಲೋನಾದಿಂದ ಹೊರಡುವ ಹಡಗಿನಲ್ಲೊಂದು ಕೋಣೆ ಗಿಟ್ಟಿಸಿಕೊಂಡು, ಇನ್ನೇನು ದುಡ್ಡು ಕಟ್ಟಬೇಕು ಎನ್ನುವಾಗ ಪರದೆಯ ಮೇಲೆ ಒಂದು ಪುಟ್ಟ ಪ್ರಶ್ನೆ ಬರುತ್ತದೆ: ರಾತ್ರಿ ಊಟ ನಿಗದಿತ ಹೊತ್ತಿಗೋ, ನಿಮಗೆ ಬೇಕಾದ ಹೊತ್ತಿಗೋ? ಬಾಲ್ಕನಿ ಇರುವ ಕೋಣೆಯೋ ಕಿಟಕಿಯೇ ಇಲ್ಲದ್ದೋ ಎಂಬುದನ್ನು ಐದು ನಿಮಿಷದಲ್ಲಿ ಇತ್ಯರ್ಥ ಮಾಡಿಕೊಂಡ ಗಂಡ-ಹೆಂಡತಿ ಇಲ್ಲಿಗೆ ಬಂದು ಜಗಳಕ್ಕೆ ನಿಲ್ಲುತ್ತಾರೆ. ನಾನು ಕಣ್ಣಾರೆ ಕಂಡದ್ದು ನಮ್ಮ ಅಕ್ಕ-ಭಾವನವರ ಜಗಳ. ಜೊತೆಗೆ ಹೊರಟ ತಪ್ಪಿಗೆ ಪಂಚಾಯ್ತಿಗೆ ನಾನೇ ಕೂರಬೇಕಾಯಿತು.

ಭಾವನವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. "ಸರ್ವೀಸಿನುದ್ದಕ್ಕೂ ಗಡಿಯಾರ ನೋಡ್ಕೊಂಡು ಉಂಡಿದೀನಿ ಕಣೇ. ಸಮುದ್ರದ ಮೇಲಾದ್ರೂ ಹಸಿವಾದಾಗ ಉಣ್ಣೋಕೆ ಬಿಡು" ಎಂದರು. ಅಕ್ಕ ತಲೆಯೆತ್ತದೆ, "ರೀ, ನಿಮಗೆ ಹಸಿವಾಗೋದೇ ಎಂಟೂವರೆಗೆ. ಅದೂ ಟಿ.ವಿ.ಯಲ್ಲಿ ನ್ಯೂಸ್ ಶುರುವಾದ ಮೇಲೆ" ಎಂದಳು. ಅಕ್ಕನ ಮಾತಿನಲ್ಲಿ ಹುರುಳಿತ್ತು. ಆದರೆ ಹುರುಳಿರುವ ಮಾತಿಗೆ ಸೋಲುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಬೇಕು.

ಹಡಗು ಹತ್ತದವರಿಗೆ ವಿಷಯ ಹೇಳಿಬಿಡುತ್ತೇನೆ. ನಿಗದಿತ ಹೊತ್ತಿನ ಊಟವೆಂದರೆ ನಮ್ಮ ಮದುವೆ ಮನೆಯ ಪಂಕ್ತಿ ಇದ್ದ ಹಾಗೆ. ಮೊದಲನೆಯದು ಸಂಜೆ ಆರರ ಹೊತ್ತಿಗೆ, ಎರಡನೆಯದು ಎಂಟು-ಎಂಟೂವರೆಗೆ. ದಿನವೂ ಅದೇ ಮೇಜು, ಅದೇ ವೇಟರು, ಅದೇ ಅಕ್ಕಪಕ್ಕದವರು. ಎಂಎಸ್‌ಸಿ, ಕೋಸ್ತಾದಂಥ ಇಟಲಿ ಮೂಲದ ಹಡಗುಗಳಲ್ಲಿ ಎರಡನೇ ಪಂಕ್ತಿ ಒಂಬತ್ತಕ್ಕೂ ಜಾರುತ್ತದೆ. ಸಂಜೆ ಆರಕ್ಕೆ ಊಟ ಬಡಿಸಿದರೆ ಸ್ಪೇನಿನವರು ಅದನ್ನು ತಡವಾದ ಮಧ್ಯಾಹ್ನದ ಊಟ ಅಂದುಕೊಂಡಾರು.

ಬೇಕಾದ ಹೊತ್ತಿನ ಊಟಕ್ಕೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ರಾಯಲ್ ಕೆರಿಬಿಯನ್ನಿನವರು ಮೈ ಟೈಮ್ ಡೈನಿಂಗ್ ಅನ್ನುತ್ತಾರೆ. ನಾರ್ವೇಜಿಯನ್ ಕಂಪನಿಯವರು 2000ದಲ್ಲಿ ಫ್ರೀಸ್ಟೈಲ್ ಎಂದು ಹೆಸರಿಟ್ಟು ಪಂಕ್ತಿಯನ್ನೇ ಎತ್ತಿಹಾಕಿದರು. ಹೊಸ ಯುಗ ಬಂತು ಎಂದು ಆಗ ಜಾಹೀರಾತು ಮಾಡಿದ್ದೇ ಮಾಡಿದ್ದು. ಹೊಸತೇನೂ ಅಲ್ಲ ಬಿಡಿ. 1912ರ ಟೈಟಾನಿಕ್‌ನಲ್ಲಿ ಮೊದಲ ದರ್ಜೆಯವರನ್ನು ಬ್ಯೂಗಲ್ ಊದಿ ಊಟಕ್ಕೆ ಕರೆಯುತ್ತಿದ್ದರು. ಕರೆದಾಗ ಎದ್ದು ಹೋಗಲು ಮನಸ್ಸಿಲ್ಲದ ಸಾಹುಕಾರರಿಗೆಂದು ಲುಯಿಜಿ ಗಾಟ್ಟಿ ಎಂಬಾತ ನಡೆಸುತ್ತಿದ್ದ ಬೇರೆಯದೇ ರೆಸ್ಟೋರೆಂಟು ಅಲ್ಲಿತ್ತು, ದುಡ್ಡೂ ಬೇರೆ. ಬೇಕಾದಾಗ ಉಣ್ಣುವ ಚಪಲ ಹಡಗಿಗೆ ಹಳೆಯದೇ.

ಇನ್ನು ಮೆಡಿಟರೇನಿಯನ್ನಿನ ಕಷ್ಟವೇ ಬೇರೆ. ಅಲ್ಲಿ ಹಡಗು ಬೆಳಗಾದರೆ ಒಂದು ಬಂದರು, ಮರುದಿನ ಇನ್ನೊಂದು. ರೋಮ್ ತೋರಿಸುತ್ತೇವೆ ಎಂದು ಹೇಳಿ ಚಿವಿತಾವೆಕಿಯಾದಲ್ಲಿ ಇಳಿಸುತ್ತಾರೆ. ಅಲ್ಲಿಂದ ರೋಮ್ ಎಪ್ಪತ್ತು-ಎಂಬತ್ತು ಕಿಲೋಮೀಟರ್. ಫ್ಲಾರೆನ್ಸ್ ಎಂದು ಹೇಳಿ ಲಿವೋರ್ನೋದಲ್ಲಿ ಇಳಿಸುತ್ತಾರೆ, ಅದೂ ಹೆಚ್ಚುಕಡಿಮೆ ಅಷ್ಟೇ ದೂರ. ಕೊಲೋಸಿಯಂ, ವ್ಯಾಟಿಕನ್ ಎಲ್ಲ ತುಳಿದು, ಬಸ್ಸಿನಲ್ಲಿ ತೂಕಡಿಸಿ, ಹಡಗು ಬಿಡುವ ಮುಂಚೆ ಏದುಸಿರು ಬಿಡುತ್ತಾ ಹತ್ತುವ ಹೊತ್ತಿಗೆ ಆರು ಗಂಟೆ. ಮೊದಲ ಪಂಕ್ತಿಯವರು ಆಗಲೇ ಇಸ್ತ್ರಿ ಅಂಗಿ ಹಾಕಿಕೊಂಡು ಎಲಿವೇಟರಿನಲ್ಲಿ ಇಳಿಯುತ್ತಿರುತ್ತಾರೆ. ನೀವು ಕಾಲು ತೊಳೆಯುವುದೋ, ಸೀರೆ ಉಡುವುದೋ, ಸೂಪಿಗೆ ಓಡುವುದೋ? ಸಾಲದ್ದಕ್ಕೆ ಹಡಗು ಬಂದರು ಬಿಡುವುದೂ ಅದೇ ಹೊತ್ತು. ಡೆಕ್ ಮೇಲೆ ನಿಂತು ಊರು ಹಿಂದೆ ಸರಿಯುವುದನ್ನು ನೋಡಲೆಂದೇ ಇಷ್ಟು ದುಡ್ಡು ಸುರಿದು ಬಂದವರು, ಕೆಳಗೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿರುತ್ತಾರೆ. ಜೂನ್ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ಕಳೆದ ಮೇಲೆ. ಆರಕ್ಕೆ ಉಂಡವರು ರಾತ್ರಿ ಊಟವನ್ನು ಹಾಡಹಗಲೇ ಮುಗಿಸಿ, ಹತ್ತಕ್ಕೆ ಮತ್ತೆ ಪಿಜ್ಜಾ ಕೌಂಟರಿನ ಮುಂದೆ ನಿಂತಿರುತ್ತಾರೆ.

"ಅದಕ್ಕೇ ನಾನು ಹೇಳಿದ್ದು, ಬೇಕಾದ ಹೊತ್ತಿಗೇ ಇರಲಿ ಅಂತ" ಎಂದು ಭಾವನವರು ನನ್ನ ಕಡೆ ನೋಡಿದರು. ಕೊನೆಗೆ ಗೆದ್ದದ್ದೂ ಅವರೇ.

ಗೆದ್ದು ಸಿಕ್ಕಿದ್ದೇನೆಂದರೆ ಕ್ಯೂ. ಬೇಕಾದ ಹೊತ್ತು ಎಂದರೆ ಹಡಗಿನಲ್ಲಿ ಎಲ್ಲರಿಗೂ ಏಳೂವರೆಯೇ ಬೇಕಾಗುತ್ತದೆ. ಏಳೂವರೆಗೆ ಊಟದ ಹಾಲಿನ ಬಾಗಿಲಲ್ಲಿ ನಿಂತರೆ ಸಾಲು ಮೆಟ್ಟಿಲವರೆಗೆ. ಕೈಗೊಂದು ಪೇಜರ್ ಕೊಟ್ಟು, ಅದು ಮಿನುಗಿದಾಗ ಬನ್ನಿ ಎನ್ನುತ್ತಾರೆ. ಭಾವನವರು ಆ ಪೇಜರನ್ನು ಅಂಗೈಯಲ್ಲಿಟ್ಟುಕೊಂಡು ರಿಸಲ್ಟ್ ಕಾಯುವ ಪಿಯುಸಿ ಹುಡುಗನ ಮುಖ ಮಾಡಿಕೊಂಡು ಕೂತದ್ದನ್ನು ಅಕ್ಕ ಫೋಟೋ ತೆಗೆದಿಟ್ಟಿದ್ದಾಳೆ. ಕ್ಯೂ ಬೇಡವೆಂದರೆ ಆ್ಯಪಿನಲ್ಲಿ ಮೊದಲೇ ಹೊತ್ತು ಗೊತ್ತು ಮಾಡಿಕೊಳ್ಳಬೇಕು. ಹೊತ್ತು ಗೊತ್ತು ಮಾಡಿಕೊಂಡ ಮೇಲೆ ಸ್ವಾತಂತ್ರ್ಯ ಎಲ್ಲಿಗೆ ಹೋಯಿತು ಎಂದು ನಾನು ಕೇಳಲಿಲ್ಲ. ಭಾವನವರ ಮುಂದೆ ಎಲ್ಲವನ್ನೂ ಕೇಳಬಾರದು.

ಆದರೆ ನಮ್ಮಂಥವರಿಗೆ ನಿಜವಾದ ತಾಪತ್ರಯ ಕ್ಯೂ ಅಲ್ಲ, ಸಸ್ಯಾಹಾರ. ದಿನಕ್ಕೊಂದು ಮೇಜು ಎಂದರೆ ದಿನಕ್ಕೊಬ್ಬ ವೇಟರು. ದಿನಕ್ಕೊಬ್ಬ ವೇಟರೆಂದರೆ ದಿನವೂ ಅದೇ ಪ್ರವಚನ: ಮಾಂಸ ಬೇಡ, ಮೀನೂ ಬೇಡ, ಹೌದು, ಸೀಗಡಿಯೂ ಮೀನಿನ ಲೆಕ್ಕಕ್ಕೇ, ಸೂಪಿನ ಅಡಿಯಲ್ಲಿ ಕೋಳಿ ಸಾರು ಇದೆಯೇ, ಅಕ್ಕನಿಗೆ ಮೊಟ್ಟೆಯೂ ಆಗದು. ಮೊದಲ ರಾತ್ರಿ ಬಂದ ಫಿಲಿಪೀನ್ಸಿನ ಹುಡುಗ ಪಾಪ, ಎಲ್ಲಕ್ಕೂ ತಲೆಯಾಡಿಸಿ ಹೋಗಿ, ಬೇಯಿಸಿದ ಕ್ಯಾರೆಟ್ಟಿನ ಗುಡ್ಡೆ ತಂದಿಟ್ಟ. ಎರಡನೇ ರಾತ್ರಿ ಬೇರೆ ಹುಡುಗ, ಅದೇ ಕ್ಯಾರೆಟ್ಟು.

ಪಂಕ್ತಿಯವರ ಭಾಗ್ಯ ನೋಡಿ. ನಮ್ಮ ಪಕ್ಕದ ಕೋಣೆಯಲ್ಲಿದ್ದ ಅಹಮದಾಬಾದಿನ ದಂಪತಿ ಎರಡನೇ ಪಂಕ್ತಿ ತೆಗೆದುಕೊಂಡಿದ್ದರು. ಅವರಿಗೆ ಗೋವಾದ ವೇಟರು. ಊಟ ಮುಗಿಯುತ್ತಲೇ ನಾಳೆ ರಾತ್ರಿಗೆ ದಾಲ್ ಬೇಕೋ ಪನೀರ್ ಬೇಕೋ ಎಂದು ಕೇಳಿ ಬರೆದುಕೊಂಡು ಅಡುಗೆಮನೆಗೆ ಮುಟ್ಟಿಸುತ್ತಿದ್ದನಂತೆ. ಮೂರನೇ ದಿನದಿಂದ, ಕೇಳದೆಯೇ, ಸಣ್ಣ ಬಟ್ಟಲಲ್ಲಿ ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿ ಮೇಜಿನ ಮೇಲೆ ಇರುತ್ತಿತ್ತಂತೆ, ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು. ಇದನ್ನು ಆಕೆ ಹೇಳಿದಾಗ ಅಕ್ಕ ಭಾವನವರ ಕಡೆ ನೋಡಿದ ನೋಟವನ್ನು ನಾನು ಬರೆಯಲಾರೆ.

ಪಂಕ್ತಿಯಲ್ಲಿ ದೋಷವಿಲ್ಲ ಅಂತಲ್ಲ. ಎಂಟು ಜನರ ಮೇಜಿನಲ್ಲಿ ಕೂರಿಸಿದರೆ, ಮಂಡಿ ಆಪರೇಷನ್ನಿನ ಕಥೆ ಹೇಳುವ ಯಾರಾದರೊಬ್ಬರು ಎದುರಿಗೆ ಬಂದೇ ಬರುತ್ತಾರೆ. ಮೊದಲ ರಾತ್ರಿ ಎಡ ಮಂಡಿ, ಎರಡನೇ ರಾತ್ರಿ ಬಲ. ಇಬ್ಬರದೇ ಮೇಜು ಕೇಳಬಹುದು, ಆದರೆ ಅದಕ್ಕೂ ಪಕ್ಕದ್ದಕ್ಕೂ ನಡುವೆ ಗೇಣು ಜಾಗ, ಮಂಡಿಯ ಕಥೆ ಅಲ್ಲಿಗೂ ಕೇಳಿಸುತ್ತದೆ. ಎರಡನೇ ಪಂಕ್ತಿಯವರು ಸಿಹಿ ಮುಗಿಸಿ ಏಳುವಾಗ ಹತ್ತೂವರೆ. ಬೆಳಿಗ್ಗೆ ಏಳಕ್ಕೆ ನೇಪಲ್ಸ್, ಪೊಂಪೇಯಿ ಕಾದಿರುತ್ತದೆ. ಇಟಲಿಯಿಂದ ಗ್ರೀಸಿಗೆ ಹೊರಟ ಹಡಗಾದರೆ ನಡುರಾತ್ರಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳಿ, ಇದ್ದ ನಿದ್ದೆಯಲ್ಲೂ ಪಾಲು ಕೇಳುತ್ತಾರೆ. ನಾಟಕ-ಸಂಗೀತದ ಚಿಂತೆ ಮಾತ್ರ ಬೇಡ. ಎರಡು ಪಂಕ್ತಿಗೂ ಹೊಂದುವಂತೆ ಸಾಮಾನ್ಯವಾಗಿ ಎರಡು ಪ್ರದರ್ಶನ ಇಟ್ಟಿರುತ್ತಾರೆ.

ಭಾವನವರ ಕಥೆ ಏನಾಯಿತು ಎಂದು ಕೇಳುತ್ತೀರಿ. ಮಾರ್ಸೇಯ ದಾಟಿದ ರಾತ್ರಿ ಮಂಗಳೂರಿನ ಕಡೆಯ ವೇಟರೊಬ್ಬ ಸಿಕ್ಕಿ, "ಊಟ ಆಯ್ತಾ ಸಾರ್, ಅನ್ನ ಸಾರು ಮಾಡಿಸ್ಲಾ?" ಎಂದದ್ದೇ ತಡ, ಮರುದಿನದಿಂದ ಅವರು ಆ್ಯಪಿನಲ್ಲಿ ಅವನ ಮೇಜನ್ನೇ ಕೇಳಿ ಕಾದಿರಿಸತೊಡಗಿದರು. ಹೊತ್ತು? ಎಂಟೂವರೆ. ದಿನವೂ ಅದೇ ಮೇಜು, ಅದೇ ವೇಟರು, ಅದೇ ಎಂಟೂವರೆ. "ನೋಡು, ನನಗೆ ಬೇಕಾದ ಹೊತ್ತಿಗೆ ಉಣ್ತಾ ಇದೀನಿ" ಎಂದು ನನ್ನ ಹತ್ತಿರ ಹೇಳಿಕೊಂಡರು ಕೂಡ.

ನನ್ನ ತೀರ್ಪು ಕೇಳುವುದಾದರೆ, ಮೆಡಿಟರೇನಿಯನ್ನಿಗೆ ಹೋಗುವವರು, ಅದರಲ್ಲೂ ಸಸ್ಯಾಹಾರಿಗಳು, ಎರಡನೇ ಪಂಕ್ತಿಯನ್ನೇ ಆರಿಸಿ. ಚಿಕ್ಕ ಮಕ್ಕಳಿದ್ದರೆ, ಹೊತ್ತಿಗೆ ಸರಿಯಾಗಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹಿರಿಯರಿದ್ದರೆ ಮಾತ್ರ ಮೊದಲನೆಯದು. ಬುಕಿಂಗಿನಲ್ಲಿ ಸಿಗದೇ ಹೋದರೆ ಹಡಗು ಹತ್ತಿದ ಮಧ್ಯಾಹ್ನವೇ, ಬಫೆ ಕಡೆ ಓಡುವ ಮುಂಚೆ, ಊಟದ ಹಾಲಿನ ಮುಖ್ಯಸ್ಥರನ್ನು ಹುಡುಕಿ ಹೋಗಿ ಕೇಳಿ. ಮೊದಲ ದಿನ ಕೇಳಿದವರಿಗೆ ಜಾಗವಿದ್ದರೆ ಬದಲಾಯಿಸಿ ಕೊಡುತ್ತಾರೆ. ಮೂರನೇ ದಿನ ಕೇಳಿದವರನ್ನು ಚೆನ್ನಾಗಿ ನಕ್ಕು ಕಳಿಸುತ್ತಾರೆ.